ಅರಗದ ಮಾತ್ರೆ

ಅತ್ತೆ ಬಿಪಿ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿ ಮಜ್ಜಿಗೆಯಲ್ಲಿ ಕಲಸಿಕೊಂಡು ಕುಡಿದಳಂತೆ. ಸುದ್ದಿ ಹೇಳಿದ ನೆಂಟರೆಲ್ಲ ನಗುತ್ತಲೇ ಹೇಳಿದರು. ಓದು ಬರಹ ಇಲ್ಲದ ಹೆಂಗಸು, ಏನು ಗೊತ್ತಾಗುತ್ತೆ ಪಾಪ, ಅಂದರು. ಆ 'ಪಾಪ' ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮಾದಿಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದರೂ ಕೊಟ್ಟಿಗೆ ಮಾತ್ರ ಅವಳದೇ ರಾಜ್ಯ. ಹಾಲು ಕರೆದು ಡೈರಿಗೆ ಹಾಕಿ ಬರುವ ತನಕ ಯಾರ ಮಾತೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಬಿಪಿ ಬಂದ ಮೇಲೆ ಆ ರಾಜ್ಯಕ್ಕೇ ಕುತ್ತು ಬಂತು. ಬೆಳಿಗ್ಗೆ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ ತಲೆ ಸಿಡಿಯುತ್ತಿತ್ತು, ಬಗ್ಗಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಸಂಜೆಗೆ ಮಾತ್ರೆಯ ಬಲ ಇಳಿದು ಬಿಪಿ ಮತ್ತೆ ಏರುತ್ತಿತ್ತು. ಹಾಲು ಕರೆಯುವಾಗ ಬಿದ್ದುಗಿದ್ದರೆ ಏನು ಗತಿ ಎಂದು ಮಗ ಹಸು ಮಾರುವ ಮಾತೆತ್ತಿದ. ಅವಳಿಗೆ ಸಾವಿನ ಭಯ ಇರಲಿಲ್ಲ, ಈ ಮಾತಿನ ಭಯ ಇತ್ತು.

ನಾನು ಇಂಥ ತೊಂದರೆಗೆಂದೇ ಮಾತ್ರೆ ರೂಪಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿರುವವಳು. ಔಷಧ ಒಂದೇ ಸಲ ರಕ್ತಕ್ಕೆ ನುಗ್ಗುವುದರಿಂದ ತಾನೇ ತಲೆ ಸಿಡಿಯುವುದು? ನಾವು ಔಷಧಕ್ಕೆ ಕರಗದ ಹೊದಿಕೆ ಹೊದಿಸಿ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಕೊರೆದೆವು. ಹೊಟ್ಟೆಯ ನೀರು ಒಳಗಿಳಿದು, ಆ ತೂತಿನಿಂದ ಔಷಧವನ್ನು ದಿನವಿಡೀ ಇಷ್ಟಿಷ್ಟೇ ಹೊರಗೆ ತಳ್ಳುತ್ತದೆ. ಕೆಲಸ ಮುಗಿದ ಮೇಲೆ ಖಾಲಿ ಹೊದಿಕೆ ಮಲದಲ್ಲಿ ಈಚೆಗೆ ಬರುತ್ತದೆ. ನೋಡಿದವರಿಗೆ ಅದು ಇಡೀ ಮಾತ್ರೆಯಂತೆಯೇ ಕಾಣುತ್ತದೆ.

ಈ ವಿಷಯವನ್ನು ಸ್ಟ್ರಿಪ್ಪಿನ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಿ ಎಂದು ಮೀಟಿಂಗಿನಲ್ಲಿ ಕೇಳಿದ್ದೆ. ಮಾರಾಟ ವಿಭಾಗದವರು ಮೂಗು ಮುರಿದರು. ಬಾಯಿಗೆ ಹಾಕಿಕೊಳ್ಳುವ ವಸ್ತುವಿನ ಮೇಲೆ ಯಾರಾದರೂ ಮಲ ಅಂತ ಬರೆಯುತ್ತಾರೇನ್ರೀ ಎಂದು ಒಬ್ಬರು ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕೊನೆಗೆ ಆ ಮಾತು ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿಯ ಸಣ್ಣ ಅಕ್ಷರಗಳಲ್ಲಿ ಸೇರಿತು. ಅಂಗಡಿಯವರು ಡಬ್ಬಿ ಒಡೆದು ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ, ಚೀಟಿ ಕಸಕ್ಕೆ ಹೋಗುತ್ತದೆ. ಇದು ನಕ್ಕವರಿಗೆಲ್ಲ ಗೊತ್ತಿತ್ತು.

ಬೇಲೂರಿನ ಡಾಕ್ಟರು ಅತ್ತೆಗೆ ನಮ್ಮ ಮಾತ್ರೆಯನ್ನೇ ಬರೆದುಕೊಟ್ಟಾಗ ನಾನು ಹಿಗ್ಗಿದೆ. ಅರಸೀಕೆರೆಯ ತವರಿಗೆ ಬಂದವಳು ಬಸ್ಸು ಹತ್ತಿ ಮಾದಿಹಳ್ಳಿಗೇ ಹೋಗಿ, ಇದು ನಾವು ಮಾಡಿದ್ದು ಎಂದು ಹೇಳಿದೆ. ಅಗಿಯಬೇಡ, ಮುರಿಯಬೇಡ ಎಂದೂ ಹೇಳಿದೆ. ಹೊದಿಕೆ ಈಚೆಗೆ ಬರುವ ಮಾತನ್ನು ಮಾತ್ರ, ಅತ್ತೆಯ ಮಗ, ನನ್ನ ಭಾವ, ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರೆಂದು, ನಾನೂ ಎತ್ತಲಿಲ್ಲ. ಅತ್ತೆ ಊರಿಗೆಲ್ಲ ನನ್ನ ಗುಣಗಾನ ಮಾಡಿದಳು.

ಹಸುವಿನ ಹೊಟ್ಟೆಯ ಸ್ಥಿತಿಯನ್ನು ಅವಳು ಸೆಗಣಿ ನೋಡಿ ಹೇಳುತ್ತಿದ್ದಳು. ಸೆಗಣಿಯಲ್ಲಿ ಮುಸುಕಿನ ಜೋಳದ ಕಾಳು ಇಡಿಯಾಗಿ ಬಿದ್ದಿದ್ದರೆ ಮೇವು ಅರಗಿಲ್ಲ ಎಂದು ಅರ್ಥ. ಮಾರನೆಯ ದಿನದಿಂದ ಜೋಳವನ್ನು ನುಚ್ಚು ಮಾಡಿ ಇಡುತ್ತಿದ್ದಳು. ಹಿತ್ತಲ ಕಕ್ಕಸಿನಲ್ಲಿ ಒಂದು ಬೆಳಿಗ್ಗೆ ಮಾತ್ರೆಯೂ ಇಡಿಯಾಗಿ ಕಂಡಿತು. ಇನ್ನೊಂದು ಗುರುತೂ ಇತ್ತು: ಹೊಸ ಮಾತ್ರೆ ಶುರುವಾದ ಮೇಲೆ ತಲೆ ಸಿಡಿದಿರಲಿಲ್ಲ, ಮುಖ ಉರಿದಿರಲಿಲ್ಲ. ನಾವು ವರ್ಷಗಟ್ಟಲೆ ಒದ್ದಾಡಿ ಸಾಧಿಸಿದ್ದು ಅದನ್ನೇ. ಅವಳಿಗೆ ಅದೇ ಸಾಕ್ಷಿಯಾಯಿತು, ಮಾತ್ರೆ ಒಳಗೆ ಕೆಲಸವನ್ನೇ ಮಾಡಿಲ್ಲ ಎನ್ನುವುದಕ್ಕೆ.

ಎಲೆಅಡಿಕೆ ಕುಟ್ಟುವ ಕುಟ್ಟಾಣಿಯಲ್ಲಿ ಮಾತ್ರೆಯನ್ನು ನುಣ್ಣಗೆ ಕುಟ್ಟಿದಳು. ದಿನವಿಡೀ ಹನಿಯಬೇಕಾದ ಔಷಧವೆಲ್ಲ ಒಟ್ಟಿಗೇ ಮೈಗಿಳಿದು, ಬಿಪಿ ಒಮ್ಮೆಲೇ ಕುಸಿದು, ಕೊಟ್ಟಿಗೆಯ ಕಲ್ಲಿನ ಮೇಲೆ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಹಾಸನದಲ್ಲಿ ಆಪರೇಷನ್ ಆಗಿ ಮನೆಗೆ ಬರುವಷ್ಟರಲ್ಲಿ ಮಗ ಹಸುಗಳನ್ನು ಮಾರಿಯಾಗಿತ್ತು. ಇನ್ನು ಅವಳಿಗೆ ಕುಕ್ಕರಗಾಲಲ್ಲಿ ಕೂರುವುದು ಈ ಜನ್ಮಕ್ಕಿಲ್ಲ.

ನೋಡಲು ಹೋದಾಗ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ನನಗೆ ಒಂದು ಫೋನು ಮಾಡಬಾರದಿತ್ತಾ ಎಂದು ರೇಗಿದೆ. ಅಳು ಬರುವಾಗ ನನಗೆ ರೇಗುವುದೊಂದೇ ಗೊತ್ತು.

"ನಿನ್ ಮಾತ್ರೆ ಅರಗ್ತಾ ಇಲ್ಲ ಅಂತ ನಿಂಗೇ ಹೆಂಗವ್ವ ಹೇಳ್ಲಿ? ನೀನು ಅಷ್ಟು ಹಿಗ್ಗಿದ್ದೆ. ನೊಂದ್ಕೋತೀಯ ಅಂತ ನಾನೇ ಸರಿ ಮಾಡ್ಕಂಡೆ ಕಣೇ."

ಆಗ ಎಲ್ಲವನ್ನೂ ಹೇಳಿದೆ, ಭಾವ ಅಲ್ಲೇ ಇದ್ದರೂ. ಹೊದಿಕೆ, ತೂತು, ಖಾಲಿಯಾಗಿ ಈಚೆಗೆ ಬರುವುದು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಅಂಗಾರೆ ಮಾತ್ರೆ ಕೆಟ್ಟಿರ್ಲಿಲ್ಲ ಅನ್ನು."

"ಇಲ್ಲ ಅತ್ತೆ. ಸರಿಯಾಗೇ ಇತ್ತು."

"ಸದ್ಯ," ಅಂದಳು. "ನಿನ್ ಕೆಲ್ಸಕ್ಕೇನೂ ಆಗಾಕಿಲ್ವಲ್ಲ."

ನನ್ನ ಕೆಲಸಕ್ಕೆ ಏನೂ ಆಗಲಿಲ್ಲ. ಅವಳೊಬ್ಬಳನ್ನು ಬಿಟ್ಟು ಯಾರಿಗೂ ಏನೂ ಆಗಲಿಲ್ಲ.