ಹಲ್ಲು ಕೀಳಿಸಿಕೊಂಡವನು ಕುಡುಕನಾದದ್ದು

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಒಬ್ಬ ಯುವಕನನ್ನು ಕುಡುಕ ಎಂದು ಬರೆದಿದ್ದೆ. ಅವನು ಅವತ್ತು ಹಲ್ಲು ಕೀಳಿಸಿಕೊಂಡಿದ್ದ.

ವಿಷಯ ಇಷ್ಟೇ. ಆದರೆ ಇಷ್ಟಕ್ಕೇ ಬಿಟ್ಟರೆ ಒಬ್ಬರ ಅಂಗಡಿ ಮುಚ್ಚುತ್ತದೆ. ಹಾಗಾಗಿ ಪೂರ್ತಿ ಹೇಳುತ್ತೇನೆ.

ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯಲ್ಲಿ ಮೂರು ಅಂತಸ್ತಿನ ಹಳೆಯ ಕಟ್ಟಡವೊಂದಿದೆ. ಕೆಳಗೆ ಜೆರಾಕ್ಸ್ ಅಂಗಡಿ. ಮೊದಲ ಮಹಡಿಯಲ್ಲಿ ಈ ವರ್ಷ ಒಂದು ಪುಟ್ಟ ಕಾಕ್‌ಟೇಲ್ ಬಾರ್ ಶುರುವಾಯಿತು. (ಎರಡನೇ ಮಹಡಿಯ ವಿಷಯ ಆಮೇಲೆ.) ಒಂದು ಸಂಜೆ ತರಕಾರಿ ಚೀಲ ಹಿಡಿದು ಅದರ ಮುಂದೆ ಬರುತ್ತಿದ್ದೆ. ಮೆಟ್ಟಿಲಿಳಿದು ಬಂದ ಯುವಕನೊಬ್ಬ ಗೋಡೆ ಹಿಡಿದು ನಿಂತ. ಬಾಯಿಗೆ ಕರ್ಚೀಫು.

"ಏನಪ್ಪಾ, ಹುಷಾರಾಗಿದೀಯಾ?" ಎಂದೆ.

ಅವನು ಏನೋ ಹೇಳಿದ. ಒಂದಕ್ಷರ ಅರ್ಥವಾಗಲಿಲ್ಲ. ನಾಲಗೆ ಹೊರಳುತ್ತಲೇ ಇರಲಿಲ್ಲ. ಅದೇ ಹೊತ್ತಿಗೆ ಎಲ್ಲಿಂದಲೋ ಎದೆ ನಡುಗಿಸುವಂಥ ಡ್ರಮ್ಮಿನ ಸದ್ದು.

ಅಂಕಣಕಾರನಿಗೆ ಇನ್ನೇನು ಬೇಕು? ಮನೆಗೆ ಬಂದು ಚೀಲ ಇಳಿಸುವ ಮೊದಲೇ ಶೀರ್ಷಿಕೆ ಹೊಳೆದಿತ್ತು. 'ಮಲ್ಲಿಗೆಯ ಬೀದಿಯಲ್ಲಿ ಮದ್ಯದ ಘಾಟು.' (ನಮ್ಮ ಬೀದಿಯಲ್ಲಿ ಮಲ್ಲಿಗೆ ಮಾರುವವರು ಯಾರೂ ಇಲ್ಲ. 'ಮ'ಕಾರಕ್ಕೆ ಬೇಕಾಗಿತ್ತು.) ಬಾರಿನೊಳಗೆ ಕೂಗಾಟ, ಡ್ರಮ್ಮಿನ ಅಬ್ಬರ, ಹೊರಗೆ ತೊದಲುವ ಯುವಕ ಎಂದೆಲ್ಲ ಒಳಗೆ ಹೋಗಿ ಕಂಡವನಂತೆ ಬರೆದೆ.

ಎಂಥ ಪ್ರತಿಕ್ರಿಯೆ ಅಂತೀರಿ! ವಾಟ್ಸ್ಯಾಪ್ ತುಂಬ ಮುಗಿದ ಕೈಗಳು. ಪಾರ್ಕಿನಲ್ಲಿ ಗುರುತು ಪರಿಚಯ ಇಲ್ಲದವರೆಲ್ಲ ನಿಲ್ಲಿಸಿ "ಚೆನ್ನಾಗಿ ಝಾಡಿಸಿದ್ರಿ ಸಾರ್" ಎಂದರು. ಆ ವಾರ ನಾನು ಪಾರ್ಕಿಗೆ ಎರಡು ಸುತ್ತು ಜಾಸ್ತಿ ಹಾಕಿದೆ.

ಮೊನ್ನೆ ಒಬ್ಬ ಹೆಂಗಸು ಮನೆಗೇ ಬಂದರು. ಮೂವತ್ತೈದರ ಆಸುಪಾಸು. ಹೆಸರು ಹೇಮಾ, ಊರು ಇಲ್ಲೇ ಬಿನ್ನಿಪೇಟೆ.

"ಸಾರ್, ನೀವ್ ಬರ್ದಿದ್ರಲ್ಲ, ಆ ಬಾರ್ ನಂದೇ."

ಬೈಯುತ್ತಾರೆಂದು ಸಿದ್ಧನಾದೆ. ಬೈಯಲಿಲ್ಲ.

"ಬಿಲ್ಡಿಂಗ್ ಓನರ್ ನಿಮ್ ಬರಹ ಓದಿ, ಈ ತಿಂಗಳ ಕೊನೆಗೆ ಖಾಲಿ ಮಾಡಿ ಅಂದ್ಬಿಟ್ಟಿದಾರೆ. ಹನ್ನೆರಡು ವರ್ಷ ಬೇರೆಯವ್ರ ಹೋಟ್ಲುಗಳಲ್ಲಿ ಕೌಂಟರ್ ಹಿಂದೆ ನಿಂತಿದೀನಿ ಸಾರ್. ಈಗ ನಂದೂಂತ ಒಂದು ಮಾಡ್ಕೊಂಡಿದ್ದೆ. ಇರೋದೇ ಹನ್ನೊಂದು ಸ್ಟೂಲು, ಬಂದವ್ರೆಲ್ಲ ನೆನಪಿರ್ತಾರೆ. ನೀವ್ ಮಾತ್ರ ನೆನಪಾಗ್ತಿಲ್ಲ. ಯಾವತ್ತು ಬಂದಿದ್ರಿ?"

ಯಾವತ್ತು? ಒಳ್ಳೆಯ ಪ್ರಶ್ನೆ. "ಕಾಫಿ ಕುಡೀತೀರಾ?" ಎಂದು ಕೇಳಿದೆ.

"ಬೇಡ ಸಾರ್. ಒಂದ್ಸಲ ಬಂದ್ ನೋಡಿ. ಆಮೇಲೆ ಬೈದ್ರೂ ಪರವಾಗಿಲ್ಲ."

ಮಾರನೆಯ ದಿನ ಸಂಜೆ ಆರಕ್ಕೆ ಹೋದೆ. ಅಲ್ಲಿ ಕೂಗಾಡಬೇಕೆಂದರೂ ಜಾಗವಿಲ್ಲ. ಕೈ ಎತ್ತಿದರೆ ಪಕ್ಕದವರ ಕನ್ನಡಕ ಬೀಳುತ್ತದೆ. ಹಾಡು ಇತ್ತಂತೆ. ಹೇಮಾ ಹೇಳಿದ ಮೇಲೆ ಕಿವಿಗೊಟ್ಟೆ, ಹೌದು, ಇತ್ತು. ಇಬ್ಬರು ನಡುವಯಸ್ಕರು ಮಗಳ ಕಾಲೇಜು ಸೀಟಿನ ಬಗ್ಗೆ ತಲೆ ಕೆಡಿಸಿಕೊಂಡು ಕೂತಿದ್ದರು. ಹೇಮಾ ಮಾವಿನಶುಂಠಿ ಜಜ್ಜಿದರು, ಹೇರಳೆಕಾಯಿ ಹಿಂಡಿದರು, ಅಳತೆಯ ಪುಟ್ಟ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಜಿನ್ ಸುರಿದರು. ಮಗುವಿಗೆ ಕೆಮ್ಮಿನ ಔಷಧಿ ಹಾಕುವಾಗ ನನ್ನ ಹೆಂಡತಿ ಹೀಗೆ ಅಳೆಯುತ್ತಿದ್ದಳು.

ಕುಡಿದೆ. ಚೆನ್ನಾಗಿತ್ತು. (ಈ ಎರಡು ವಾಕ್ಯಕ್ಕೆ ಮುಗಿದ ಕೈಗಳು ಬರುವುದಿಲ್ಲ, ಗೊತ್ತು.)

"ಅವತ್ತು ಡ್ರಮ್ಮು ಬಾರಿಸ್ತಿದ್ರಲ್ಲ?" ಎಂದೆ.

"ಹಿಂದ್ಗಡೆ ಕಲ್ಯಾಣ ಮಂಟಪ ಇದೆಯಲ್ಲ ಸಾರ್, ಅಲ್ಲಿಯ ಆರ್ಕೆಸ್ಟ್ರಾ. ಅವತ್ತೆಲ್ಲ ನಂಗೂ ಆರ್ಡರ್ ಕೇಳಿಸಲ್ಲ."

"ಮತ್ತೆ ಆ ಹುಡುಗ? ಬಾಯಿಗೆ ಕರ್ಚೀಫು ಇಟ್ಕೊಂಡು ತೊದಲ್ತಿದ್ದ..."

ಹೇಮಾ ಬೆರಳು ಮೇಲಕ್ಕೆ ತೋರಿಸಿದರು.

ಎರಡನೇ ಮಹಡಿ. ದಂತ ಚಿಕಿತ್ಸಾಲಯ.

ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ನಾನೇ ಅಲ್ಲಿ ದವಡೆ ಹಲ್ಲು ಕೀಳಿಸಿಕೊಂಡು ಅದೇ ಮೆಟ್ಟಿಲು ಇಳಿದಿದ್ದೆ. ಹೆಂಡತಿಗೆ ಫೋನ್ ಮಾಡಿ, ಒಂದು ಪದವೂ ಹೊರಡದೆ ಕಟ್ ಮಾಡಿದ್ದೆ. ಅವಳು ಏನೆಂದುಕೊಂಡಳೋ, ಇವತ್ತಿಗೂ ಕೇಳಿಲ್ಲ. ಗೋಡೆ ಹಿಡಿದು ನಿಂತವನನ್ನು ಕಂಡಾಗ ಇದು ನೆನಪಾಗಬೇಕಿತ್ತು. ಆಗಲಿಲ್ಲ. ಶೀರ್ಷಿಕೆ ನೆನಪಾಯಿತು.

ತುಂಬ ನಾಚಿಕೆಯಾಯಿತು. ಬಾರ್ ಬೇಡ ಎನ್ನುವವರು ಬೇಡ ಎನ್ನಲಿ, ಅದು ಅವರವರ ಅಭಿಪ್ರಾಯ. ನಾನು ಬರೆದದ್ದು ಅಭಿಪ್ರಾಯವಲ್ಲ. ಸುಳ್ಳು.

ಅಲ್ಲಿಂದ ನೇರವಾಗಿ ಓನರ್ ನಾಗರಾಜಯ್ಯನವರ ಮನೆಗೆ ಹೋದೆ. ಎಪ್ಪತ್ತು ದಾಟಿದವರು, ನನ್ನ ಖಾಯಂ ಓದುಗರು. ಬಾಗಿಲಲ್ಲೇ ಕೈ ಹಿಡಿದುಕೊಂಡರು.

"ಬನ್ನಿ ಬನ್ನಿ! ನಮ್ಮ ಕಣ್ಣು ತೆರೆಸಿಬಿಟ್ರಿ!" ಒಳಗಿಂದ ಫೈಲು ಬಂತು. ಅದರಲ್ಲಿ ನನ್ನ ಅಂಕಣ, ಕೆಂಪು ಇಂಕಿನ ಅಡಿಗೆರೆಗಳ ಸಮೇತ. ತೊದಲುವ ಯುವಕನಿಗೆ ಎರಡೆರಡು ಗೆರೆ.

"ಅದು ತಪ್ಪು ನಾಗರಾಜಯ್ಯನವರೇ. ನಾನು ಒಳಗೆ ಹೋಗದೆ ಬರೆದುಬಿಟ್ಟೆ. ಆ ಹುಡುಗ ಕುಡಿದಿರ್ಲಿಲ್ಲ, ಹಲ್ಲು ಕೀಳಿಸ್ಕೊಂಡಿದ್ದ. ಹೇಮಾ ಅವರನ್ನ ಖಾಲಿ ಮಾಡಿಸ್ಬೇಡಿ."

ಅವರು ನನ್ನನ್ನು ಕನಿಕರದಿಂದ ನೋಡಿದರು.

"ಯಾರೋ ನಿಮ್ಮ ಮೇಲೆ ಪ್ರೆಶರ್ ಹಾಕಿದಾರೆ."

"ಇಲ್ಲಪ್ಪಾ, ನಾನೇ ಹೇಳ್ತಿದೀನಿ."

"ಪೇಪರ್ನಲ್ಲಿ ಬಂದಿದೆಯಲ್ಲ ಸಾರ್?"

"ಪೇಪರ್ನಲ್ಲಿ ಬರೆದವನೂ ನಾನೇ ಅಲ್ವೇ?"

"ನೀವ್ ಬಾಯಲ್ಲಿ ಹೇಳಿದ್ರೆ ಅದು ನೀವ್ ಹೇಳಿದ್ದು. ಪೇಪರ್ನಲ್ಲಿ ಬಂದ್ರೆ ಪೇಪರ್ ಹೇಳಿದ್ದು." ಫೈಲು ಮುಚ್ಚಿದರು. "ಅಚ್ಚಾಗ್ಲಿ. ಆಮೇಲೆ ನೋಡೋಣ."

ವರ್ಷಗಟ್ಟಲೆ ಅಂಕಣ ಬರೆಯುತ್ತಾ ಓದುಗರಲ್ಲಿ ನಾನು ಬೆಳೆಸಿದ ನಂಬಿಕೆ ಇದು. ಇದನ್ನು ಕಂಡು ಎಷ್ಟೋ ಸಲ ಹೆಮ್ಮೆಪಟ್ಟಿದ್ದೇನೆ. ಅವತ್ತು ಅದರ ಮುಂದೆ ಕೈಕಟ್ಟಿ ನಿಂತು ವಾಪಸು ಬಂದೆ.

ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನ ಇದೆ.

ಅಚ್ಚಾಗಿದೆ, ನಾಗರಾಜಯ್ಯನವರೇ. ಹೇಮಾ ಗಂಟುಮೂಟೆ ಕಟ್ಟಬೇಕೋ, ಬೇಡವೋ?