ಶ್ಯಾವಿಗೆ ಮಷಿನ್ನಿನ ಬೆಲ್ಟು

ಇದು ನಡೆದದ್ದು 2018ರ ಏಪ್ರಿಲ್‌ನಲ್ಲಿ. ನಾನು ಬೈಲಹೊಂಗಲದ ಒಂದು ಶಾಲೆಯಲ್ಲಿ ಶಿಕ್ಷಕಿ. ಬೇಸಿಗೆ ರಜೆ ಶುರುವಾಗಿ ನಾಲ್ಕು ದಿನವಾಗಿತ್ತು. ಬೆಳಗಿನ ಚಹಾ ಕುಡಿಯುವಾಗ ರಾಮದುರ್ಗದಿಂದ ನನ್ನ ಸೋದರತ್ತೆಯ ಮಗನ ಫೋನ್ ಬಂತು. ‘ಅವ್ವಗ ಹೊಟ್ಟ್ಯಾಗ ಗಂಟ ಆಗೇತಿ. ಇವತ್ತ ಆಪರೇಶನ್ನಿಗೆ ಬಾಗಲಕೋಟಿಗೆ ಒಯ್ಯಾಕ ಹತ್ತೇವಿ. ಹನ್ನೆರಡಕ್ಕ ಅಂಬ್ಯುಲೆನ್ಸ್ ಬಿಡತೈತಿ. ಜೀವದ್ದು ಏನೂ ಹೇಳಾಕ ಬರೂದಿಲ್ಲ ಅಂದಾರ ಡಾಕ್ಟರು. ರಾತ್ರಿ ಒಮ್ಮೆ ಮಾಮಾನ ಹೆಸರ ತಗದ್ಲು, ಅದಕ್ಕ ಫೋನ್ ಮಾಡಿದೆ’ ಎಂದ.

ಮಾಮಾ ಅಂದರೆ ನನ್ನ ಅಪ್ಪ, ಈರಣ್ಣ. ನೀಲವ್ವತ್ತೆ ಅಪ್ಪನಿಗಿಂತ ಎಂಟು ವರ್ಷ ದೊಡ್ಡವಳು, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆದರೆ ಹನ್ನೊಂದು ವರ್ಷದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಅಪ್ಪ ಆಗ ಬಾಡಿಗೆ ಕಾರು ಓಡಿಸುತ್ತಿದ್ದ. ಅತ್ತೆಯ ಗಂಡ ತೀರಿಕೊಂಡ ದಿನ ಅವನು ಯಾತ್ರೆಗೆ ಹೊರಟಿದ್ದ ಒಂದು ಕುಟುಂಬವನ್ನು ಕರೆದುಕೊಂಡು ದೂರ ಹೋಗಿದ್ದ. ಸುದ್ದಿ ಮುಟ್ಟಿ, ವಾಪಸು ಬಂದು, ರಾಮದುರ್ಗ ತಲುಪುವಷ್ಟರಲ್ಲಿ ಮೂರನೆಯ ದಿನ. ಅತ್ತೆ ಹೊಸ್ತಿಲಲ್ಲೇ ನಿಲ್ಲಿಸಿ, ‘ಮಂದೀನ ಮುಟ್ಟಸೂದ ನಿನಗ ದೊಡ್ಡದಾತು. ಇನ್ನ ನನ್ನ ಮನಿ ಮೆಟ್ಟಲಾ ತುಳೀಬ್ಯಾಡ’ ಅಂದಿದ್ದಳಂತೆ. ಅಪ್ಪ ಹಾಗೇ ಗಾಡಿ ತಿರುಗಿಸಿಕೊಂಡು ಬಂದ. ಆಮೇಲೆ ಇಬ್ಬರೂ ಸೋಲಲಿಲ್ಲ.

ಫೋನಿನ ಮಾತು ಕೇಳಿದ್ದೇ ಅಪ್ಪ ಎದ್ದು ಬಿಳಿ ಅಂಗಿ ಹಾಕಿಕೊಳ್ಳಲು ಹೋದ. ಅವನ ಕೈಗಳು ನಾಲ್ಕು ವರ್ಷದಿಂದ ನಡುಗುತ್ತಿದ್ದವು. ಗುಂಡಿ ನಾನೇ ಹಾಕಿದೆ.

ಎಂಟಕ್ಕೆ ಹೊರಟೆವು, ಅದೇ ಹಳೆಯ ಕಾರಿನಲ್ಲಿ. ಅಪ್ಪನಿಗೆ ಅದು ಅನ್ನ ಕೊಟ್ಟ ಗಾಡಿ. ಕಿತ್ತೂರಿನ ಹೆಣ್ಣು ನೋಡುವ ಶಾಸ್ತ್ರಕ್ಕೂ ದೊಡವಾಡದ ಬಾಣಂತಿಗೂ ಅದೇ ಹೋಗಬೇಕಿತ್ತು. ಅವನ ಕೈ ನಡುಗಲು ಶುರುವಾದ ಮೇಲೆ ನಾನೇ ಓಡಿಸುತ್ತಿದ್ದೆ. ಓಡಿಸಲು ಕಲಿಸಿದವನೂ ಅವನೇ. ನಾನಾಗ ಕಾಲೇಜಿನಲ್ಲಿದ್ದೆ. ರವಿವಾರ ಬಂತೆಂದರೆ ಬಾನೆಟ್ ಎತ್ತಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ. ‘ಕಣ್ಣ ಮುಚ್ಚಿ ಕೇಳ. ಕುಂಯ್ ಅಂತೇತಿಲ್ಲ? ಅದ ಪಟ್ಟಾ ಜಾರೂ ಸಪ್ಪಳ.’ ಫ್ಯಾನ್ ಬೆಲ್ಟಿಗೆ ಅವನು ಪಟ್ಟಾ ಎನ್ನುತ್ತಿದ್ದ. ಫ್ಯಾನು, ನೀರಿನ ಪಂಪು, ಡೈನಮೊ, ಮೂರನ್ನೂ ತಿರುಗಿಸುವುದು ಅದೊಂದೇ. ನೆರೆಯ ಹೆಂಗಸರು ‘ಹೆಣ್ಣಹುಡಿಗಿಗೆ ಇದೆಲ್ಲಾ ಯಾಕೋ ಈರಣ್ಣ’ ಅಂದರೆ ನಗುತ್ತಿದ್ದ.

ಸವದತ್ತಿ ದಾಟಿ ಸುಮಾರು ಅರ್ಧ ತಾಸಾಗಿತ್ತು. ಪಟ್ ಎಂದು ಸದ್ದಾಯಿತು. ಮುಂದೆ ಕೆಂಪು ದೀಪ ಹತ್ತಿತು. ನಾನು ಏನೋ ಕಲ್ಲು ಬಡಿದಿರಬೇಕು ಅಂದುಕೊಂಡೆ. ಅಪ್ಪ ಮಾತ್ರ, ‘ಬಾಜೂಕ ತಗೋ, ಇಂಜಿನ್ ಬಂದ್ ಮಾಡ. ಪಟ್ಟಾ ಹೋತು’ ಎಂದ. ಒಂದು ಹಳ್ಳಿಯ ಅಂಚಿನಲ್ಲಿ, ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿದೆ. ಆಗ ಒಂಬತ್ತೂಮುಕ್ಕಾಲು.

ನನಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಡಿಕ್ಕಿಯಲ್ಲಿ ಹೊಸ ಬೆಲ್ಟು ಇತ್ತು. ಹೋದ ತಿಂಗಳಷ್ಟೇ ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಿ ತಂದಿದ್ದೆ. ಪಾನಾ ತೆಗೆದುಕೊಂಡು ಡೈನಮೊದ ಬೋಲ್ಟು ಸಡಿಲಿಸಿ, ಹೊಸ ಬೆಲ್ಟು ಏರಿಸಿ, ಡೈನಮೊವನ್ನು ಹೊರಗೆ ಎಳೆದೆ. ಎಳೆದೆ, ಎಳೆದೆ, ಅದರ ಜಾಗ ಮುಗಿಯಿತು, ಬೆಲ್ಟು ಮಾತ್ರ ಜೋತುಬಿದ್ದೇ ಇತ್ತು.

ಅಪ್ಪ ಬಗ್ಗಿ ನೋಡಿದ. ‘ಹಳೇ ಪಟ್ಟಾ ಮಾದರಿ ಒಯ್ದಿದ್ದಿಲ್ಲೇನು? ಮನ್ಯಾಗ ಮೊಳಿಗೆ ಹಾಕಿ ಇಟ್ಟಿದ್ನೆಲ್ಲಾ?’

ನಾನು ಒಯ್ದಿರಲಿಲ್ಲ. ಮನೆ ಸ್ವಚ್ಛ ಮಾಡುವಾಗ, ಇದೇನು ಹಾಳು ರಬ್ಬರು ಎಂದು ಅದನ್ನು ಗುಜರಿಗೆ ಹಾಕಿದ್ದೆ. ಈ ಗಾಡಿಯ ಮೂಲ ಡೈನಮೊ ಕೆಟ್ಟು ಎಷ್ಟೋ ವರ್ಷವಾಗಿತ್ತು. ಅಪ್ಪ ಬೇರೆ ಗಾಡಿಯದೊಂದನ್ನು ಕೂರಿಸಿದ್ದ, ಆ ಡೈನಮೊದಲ್ಲಿ ಬೆಲ್ಟು ಕೂರುವ ಗಾಲಿ ಸಣ್ಣದು. ಹಾಗಾಗಿ ಗಾಡಿಯ ಹೆಸರು ಹೇಳಿದರೆ ಸಿಗುವ ಬೆಲ್ಟು ಈ ಗಾಡಿಗೇ ಆಗುತ್ತಿರಲಿಲ್ಲ. ಅದನ್ನು ಅವನು ನನಗೆ ಹೇಳಿದ್ದ. ನಾನು ಮರೆತಿದ್ದೆ.

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ರಾಮದುರ್ಗದ ದಾರಿಯ ಕಡೆಗೇ ನೋಡುತ್ತ ನಿಂತ. ಬಸ್ಸು ಆಗಲೇ ಹೋಗಿತ್ತು, ಮುಂದಿನದು ಹನ್ನೊಂದೂವರೆಗೆ. ಕೈ ಮಾಡಿದರೂ ಎರಡು ಗಾಡಿಗಳು ನಿಲ್ಲದೆ ಹೋದವು. ‘ತಡ ಆಗ್ತೈತಿ ಅಂತ ಫೋನರೆ ಮಾಡ್ಲೇನಪ್ಪಾ?’ ಎಂದೆ.

‘ಬ್ಯಾಡ. ಈ ಸಲಾನೂ ತಡಾ ಅಂತ ಆಕಿ ಕಿವಿಗೆ ಬೀಳೂದು ಬ್ಯಾಡ.’

ರೇಡಿಯೇಟರಿಗೆ ನೀರಾದರೂ ತರೋಣವೆಂದು ರಸ್ತೆಯಾಚೆ ಹೋದೆ. ಅಲ್ಲಿ ತಗಡಿನ ಶೆಡ್ಡು, ಅದರ ಮುಂದೆ ಹತ್ತು ಹನ್ನೆರಡು ಹೆಂಗಸರು ಬುಟ್ಟಿ, ಪಾತೇಲಿ ಇಟ್ಟುಕೊಂಡು ಕುಳಿತಿದ್ದರು. ಶ್ಯಾವಿಗೆ ಮಾಡುವ ಮಷಿನ್ನು. ಎಲ್ಲರೂ ಮನೆಯಲ್ಲೇ ರವೆ ಕಲಸಿಕೊಂಡು ಬಂದು ಪಾಳಿ ಹಚ್ಚಿದ್ದರು. ಮಷಿನ್ನಿನ ಒಡತಿ ಮಲಿಕಾಬಿ, ಸಿರಸಂಗಿಯಲ್ಲಿ ಹುಟ್ಟಿ ಈ ಊರಿಗೆ ಸೊಸೆಯಾಗಿ ಬಂದವರು. ಐವತ್ತರ ಆಸುಪಾಸು. ಕೊಡ ನನ್ನ ಕಡೆ ಸರಿಸಿ, ‘ತಗೋರಿ ಅಕ್ಕಾರ, ಎಷ್ಟ ಬೇಕೋ ಅಷ್ಟ’ ಎಂದರು.

ನಾನು ನೀರು ತುಂಬಿಕೊಳ್ಳಲಿಲ್ಲ. ಮೋಟಾರಿನಿಂದ ಮಷಿನ್ನಿನ ದೊಡ್ಡ ಗಾಲಿಗೆ ಹೋಗಿದ್ದ ಬೆಲ್ಟನ್ನೇ ನೋಡುತ್ತ ನಿಂತುಬಿಟ್ಟೆ. ಅದೇ ದಪ್ಪ, ಅದೇ ಇಳಿಜಾರು ಅಂಚು. ಕೇಳಲು ಬಾಯಿ ಬರಲಿಲ್ಲ. ಅಷ್ಟು ಜನ ಕಾಯುತ್ತ ಕುಳಿತಿರುವಾಗ ನಡೆಯುವ ಮಷಿನ್ನಿನ ಬೆಲ್ಟು ಕೊಡಿ ಎಂದು ಯಾರು ಕೇಳುತ್ತಾರೆ?

‘ಏನ ನೋಡಾಕ ಹತ್ತೀರಿ?’ ಎಂದರು ಮಲಿಕಾಬಿ. ಹೇಳಿದೆ. ಅವರು ಮೋಟಾರು ಬಂದ್ ಮಾಡಿದರು. ‘ಮೊದಲ ಅಪ್ಪಾರನ್ನ ನೆಳ್ಳಿಗೆ ಕರ್ಕೊಂಡ ಬರ್ರಿ. ಅಳತಿ ಹತ್ತತೈತೋ ಇಲ್ಲೋ ನೋಡೂಣು.’

ಅಪ್ಪ ಬಂದವನೇ ಸುತಳಿ ಕೇಳಿದ. ನಾನು ಓಡಿ ಹೋಗಿ, ಅವನು ಹೇಳಿದಂತೆ ಡೈನಮೊವನ್ನು ಒಳಗೆ ತಳ್ಳಿ, ಮೂರೂ ಗಾಲಿಗಳ ಸುತ್ತ ಸುತಳಿ ಹಾಯಿಸಿ, ಗಂಟು ಹಾಕಿ ತಂದೆ. ಬೆಲ್ಟಿನ ಮೇಲೆ ಅದನ್ನು ಇಟ್ಟು ನೋಡಿದರೆ ಬೆಲ್ಟು ಎರಡು ಬೆರಳಷ್ಟು ಉದ್ದ. ‘ನಡೀತೈತಿ. ಅಷ್ಟನ್ನ ಡೈನಮೊ ಜಗ್ಗಿ ಸರಿ ಮಾಡಬಹುದು’ ಎಂದ ಅಪ್ಪ. ಆಮೇಲೆ ತಾನೇ ಕಳವಳಗೊಂಡು, ಪಾಳಿಗೆ ಕುಳಿತಿದ್ದ ಹೆಂಗಸರ ಕಡೆ ನೋಡಿದ.

ಮುಂದೆ ಕುಳಿತಿದ್ದ ಒಬ್ಬ ಮುದುಕಿ ಸಿಟ್ಟಿನಿಂದ, ‘ಏ ಮಲಿಕಾ, ಇದನ್ನ ಬಿಚ್ಚಿ ಕೊಟ್ರ ನಮ್ಮ ಗತಿ? ಈ ಬಿಸಲಾಗ ಕಲಸಿದ್ದ ಹಿಟ್ಟ ಹುಳಿ ಬರತೈತಿ. ಮನಿಯಾಗ ಸೊಸಿ ನನ್ನ ಬಿಡತಾಳೇನು?’ ಎಂದಳು. ತಪ್ಪೇನೂ ಇರಲಿಲ್ಲ ಅವಳದು. ನಾನು ‘ಬ್ಯಾಡ ಬಿಡ್ರಿ’ ಎಂದು ಹಿಂದೆ ಸರಿದೆ.

ಆಗ ಅಪ್ಪ ಮುದುಕಿಗೇ ಹೇಳಿದ: ‘ಖರೇ ಐತಿ ಯವ್ವಾ ನೀ ಹೇಳೂದು. ನಮ್ಮಕ್ಕನ್ನ ಹನ್ನೆರಡಕ್ಕ ಆಪರೇಶನ್ನಿಗೆ ಒಯ್ಯಾಕ ಹತ್ತ್ಯಾರ. ಆಕಿ ಕೂಡ ಮಾತ ಬಿಟ್ಟ ಹನ್ನೊಂದ ವರ್ಷ ಆತು. ಅದಕ್ಕ ಹೊಂಟಿದ್ವಿ.’

ಹೊರಗಿನವರ ಮುಂದೆ ಅವನು ಆ ಮಾತು ಆಡಿದ್ದು ಅದೇ ಮೊದಲು. ನಮ್ಮ ಮನೆಯಲ್ಲೂ ಆಡುತ್ತಿರಲಿಲ್ಲ. ಮುದುಕಿ ಕೋಲು ಊರಿಕೊಂಡು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಷಿನ್ನಿನ ದೊಡ್ಡ ಗಾಲಿಗೆ ಕೈ ಹಚ್ಚಿ ಒಂದು ಸಲ ತಿರುಗಿಸಿ ನೋಡಿದಳು. ‘ಬಿಚ್ಚಿ ಕೊಡ ಮಲಿಕಾ. ನಾವು ಕೈಲೆ ತಿರುವತೇವಿ. ಕರೆಂಟ ಬರೂಕಿಂತ ಮೊದಲ ಎಲ್ಲಾರೂ ಕೈಲೇ ಮಾಡ್ತಿದ್ವಿಲ್ಲ?’

‘ನೀ ತಿರುವೂದ ಬ್ಯಾಡ ಆಯಿ, ಅಲ್ಲೇ ಬಿದ್ದಿ!’ ಎಂದು ಯಾರೋ ನಕ್ಕರು. ಇಬ್ಬರು ಗಟ್ಟಿ ಹೆಂಗಸರು ಎದ್ದು ಬಂದರು.

ಕಾರಿನ ಹತ್ತಿರ ಮಲಿಕಾಬಿ ಒಂದು ಕಟ್ಟಿಗೆ ಹಿಡಿದು ಡೈನಮೊ ಮೀಟಿದರು. ನಾನು ಬೋಲ್ಟು ಬಿಗಿದೆ. ಅಪ್ಪ ಹೇಳುತ್ತಿದ್ದ. ‘ಗಾಲಿ ಸಂದಿನ್ಯಾಗ ಸಮ ಕುಂತೇತೇನು? ಮ್ಯಾಲ ಎದ್ದಿರಬಾರದು, ತಳಾನೂ ಮುಟ್ಟಬಾರದು.’ ಕೊನೆಗೆ ಅಭ್ಯಾಸಬಲದಿಂದ ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿ ನೋಡಲು ಹೋದ. ಬೆರಳು ನಿಲ್ಲಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು, ‘ನೀ ಒತ್ತಿ ಹೇಳ ಸುಮಾ’ ಎಂದ.

‘ಅರ್ಧ ಬೆರಳಷ್ಟ ಇಳೀತೈತಪ್ಪಾ.’

‘ಸಾಕ. ಇನ್ನ ಬಿಗಿ ಮಾಡಿದ್ರ ಬೇರಿಂಗ್ ಹೋಗತಾವ. ಹಚ್ಚ ಗಾಡಿ.’

ಇಂಜಿನ್ನು ಆರಲೆಂದು ಕಾದು, ರೇಡಿಯೇಟರಿಗೆ ನೀರು ಹಾಕಿದ್ದೂ ಸೇರಿ ಗಂಟೆ ಹನ್ನೊಂದು ದಾಟಿತ್ತು. ಉಳಿದ ದಾರಿಯುದ್ದಕ್ಕೂ ಅಪ್ಪ ಕಣ್ಣು ಮುಚ್ಚಿ ಕುಳಿತಿದ್ದ. ನಿದ್ದೆ ಮಾಡುತ್ತಿರಲಿಲ್ಲ, ಬೆಲ್ಟಿನ ಸದ್ದು ಕೇಳುತ್ತಿದ್ದ.

ರಾಮದುರ್ಗದ ಮನೆ ಮುಂದೆ ಅಂಬ್ಯುಲೆನ್ಸ್ ನಿಂತಿತ್ತು. ಅತ್ತೆಯನ್ನು ಆಗಲೇ ಸ್ಟ್ರೆಚರಿನ ಮೇಲೆ ಮಲಗಿಸಿ ಹೊರಗೆ ತಂದಿದ್ದರು. ನಾನು ಅವಳನ್ನು ಗುರುತಿಸಲಿಲ್ಲ, ಅಷ್ಟು ಇಳಿದು ಹೋಗಿದ್ದಳು. ಅಪ್ಪ ಹತ್ತಿರ ಹೋಗಿ ನಿಂತ. ‘ಅಕ್ಕಾ’ ಎಂದ.

ಅತ್ತೆ ಮುಖ ನೋಡಲಿಲ್ಲ, ಸ್ಟ್ರೆಚರಿನ ಅಂಚು ಹಿಡಿದಿದ್ದ ಅವನ ಕೈಯನ್ನು ನೋಡಿದಳು. ‘ಈರಾ, ಕೈ ಯಾಕೋ ಹಿಂಗ ನಡಗತಾವ?’

‘ನಾಕ ವರ್ಷ ಆತಕ್ಕಾ.’

‘ನನಗ್ಯಾರೂ ಹೇಳಲಿಲ್ಲಲ್ಲೋ...’ ಎಂದು ಅವಳು ಅತ್ತುಬಿಟ್ಟಳು. ಸೂಜಿ ಚುಚ್ಚಿದ್ದ ತನ್ನ ಕೈಯಿಂದಲೇ ಅವನ ಕೈ ಅದುಮಿ ಹಿಡಿದಳು, ನಡುಕ ನಿಲ್ಲಿಸುವವಳ ಹಾಗೆ. ಬಿಡಿಸಲು ಹೋದ ಮಗನಿಗೆ, ‘ಇವನೂ ಬರತಾನ, ಹತ್ತಸ್ಕೋರಿ’ ಎಂದಳು. ಅಪ್ಪ ಅವಳ ಜೊತೆಯಲ್ಲೇ ಅಂಬ್ಯುಲೆನ್ಸ್ ಹತ್ತಿ ಹೋದ. ನಾನು ಹಿಂದೆ ಹಿಂದೆ ಬಾಗಲಕೋಟೆಯವರೆಗೂ ಹೋದೆ.

ಆಪರೇಶನ್ನು ಚೆನ್ನಾಗಿ ಆಯಿತು. ಮೂರನೆಯ ದಿನ ಬಾಗಲಕೋಟೆಯಲ್ಲೇ ಸರಿಯಾದ ಅಳತೆಯ ಬೆಲ್ಟು ಹುಡುಕಿ ಹಾಕಿಸಿಕೊಂಡು, ವಾಪಸು ಬರುವಾಗ ಮಲಿಕಾಬಿಯವರದನ್ನು ಮುಟ್ಟಿಸಿದೆ. ಅವರು ನನ್ನನ್ನು ಗಾಡಿಯಿಂದ ಇಳಿಸಿ, ಕುಳ್ಳಿರಿಸಿ, ಶ್ಯಾವಿಗೆಗೆ ಹಾಲು ಬೆಲ್ಲ ಹಾಕಿ ಕೊಟ್ಟರು. ಆ ದಿನ ಮಧ್ಯಾಹ್ನ ನಾಲ್ಕರವರೆಗೆ ಪಾಳಿಯ ಮೇಲೆ ಗಾಲಿ ತಿರುಗಿಸಿದರಂತೆ, ಕೆಲವರ ಅಂಗೈಗೆ ಬೊಬ್ಬೆಗಳು ಎದ್ದವಂತೆ. ಮರುದಿನ ಹೊಸ ಬೆಲ್ಟು ತರಿಸಿಕೊಂಡಿದ್ದರು. ‘ಅಪ್ಪಾರ ಅಕ್ಕ ಹೆಂಗದಾರ?’ ನನ್ನನ್ನು ನೋಡಿದ ಕೂಡಲೇ ಅವರು ಮೊದಲು ಕೇಳಿದ್ದು ಅದನ್ನೇ.

ಅತ್ತೆ ಆಮೇಲೆ ಮೂರು ವರ್ಷ ಬದುಕಿದಳು. ಅದರಲ್ಲಿ ಹೆಚ್ಚಿನ ದಿನ ಬೈಲಹೊಂಗಲದ ನಮ್ಮ ಮನೆಯಲ್ಲೇ ಇದ್ದಳು. ಅಪ್ಪನ ಕೈಯಲ್ಲಿ ತುತ್ತು ನಿಲ್ಲುತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕುಳಿತು, ಬೈಯುತ್ತ ಬೈಯುತ್ತ, ಅವನಿಗೆ ಉಣಿಸುತ್ತಿದ್ದಳು. ಅವನು ಎಪ್ಪತ್ತರ ವಯಸ್ಸಿನಲ್ಲಿ ಸಣ್ಣ ಹುಡುಗನ ಹಾಗೆ ಬಾಯಿ ತೆರೆಯುತ್ತಿದ್ದ. ಈಗ ಇಬ್ಬರೂ ಇಲ್ಲ.

ಆ ಮೂರು ವರ್ಷ ನಮ್ಮ ಮನೆಗೆ ಎಲ್ಲಿಂದ ಬಂತು ಎಂದು ಯೋಚಿಸಿದರೆ, ತಗಡಿನ ಶೆಡ್ಡಿನ ಮುಂದೆ ಕುಳಿತ ಆ ಹೆಂಗಸರೇ ಕಣ್ಣಿಗೆ ಬರುತ್ತಾರೆ. ಮಲಿಕಾಬಿಯವರೊಬ್ಬರನ್ನು ಬಿಟ್ಟರೆ ಅವರಲ್ಲಿ ಯಾರ ಹೆಸರನ್ನೂ ನಾನು ಕೇಳಿಕೊಳ್ಳಲಿಲ್ಲ. ಆ ಕೊರಗು ನನ್ನಲ್ಲಿ ಇವತ್ತಿಗೂ ಇದೆ.