ಹತ್ತಕ್ಕೆ ನಾಲ್ಕು

ಬ್ಯಾಂಕಿನ ತರಬೇತಿಗೆಂದು ಬೆಂಗಳೂರಿಗೆ ಹೋದವನು ಅಲ್ಲಿನ ಸೂಪರ್ ಮಾರ್ಕೆಟಿನಿಂದ ಅಗ್ಗದ ವೈನ್ ತಂದಿದ್ದೆ. ರುಚಿ ನೋಡಿ ಅಂಕ ಕೊಡುವ ಹುಚ್ಚು ಆಗಷ್ಟೇ ಹಿಡಿದಿತ್ತು. ನನಗೆ ತಿಳಿಯುತ್ತಿದ್ದದ್ದು ಹುಳಿ, ಸಿಹಿ, ಒಗರು, ಅಷ್ಟೇ. ಆದರೂ ಹುನ್ನೂರಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಸ್ಟೀಲ್ ಲೋಟದಲ್ಲಿ ಒಂದು ಗುಟುಕು ಕುಡಿದು, ದೊಡ್ಡ ಪಂಡಿತನಂತೆ ಲೇಬಲ್ಲಿನ ಮೇಲೆ ‘ಹತ್ತಕ್ಕೆ ನಾಲ್ಕು’ ಎಂದು ಬರೆದೆ. ಬಾಟಲಿಯನ್ನು ಅಲ್ಲೇ ಬಿಟ್ಟು ಸಂತೆಗೆ ಹೋದೆ.

ನಮ್ಮಲ್ಲಿ ಮನೆಗೆ ಬಂದ ಹೊಸ ತಿನಿಸು ಯಾವುದೇ ಇರಲಿ, ಮೊದಲು ದೇವರ ಜಗಲಿಯ ಬೀರಪ್ಪನಿಗೆ. ಲೇಬಲ್ಲಿನ ದ್ರಾಕ್ಷಿ ಗೊಂಚಲು ಕಂಡ ಅವ್ವ ಅದನ್ನು ಶರಬತ್ತೆಂದು ತಿಳಿದು, ಬಟ್ಟಲಿಗೆ ಸುರಿದು, ಭಂಡಾರದ ಅರಿಸಿನ ಹಚ್ಚಿ ದೇವರ ಮುಂದಿಟ್ಟಿದ್ದಳು. ನಾನು ಮರಳಿ ಬಂದಾಗ ಅದನ್ನೇ ಅಪ್ಪನ ಅಂಗೈಗೆ ತೀರ್ಥವೆಂದು ಹಾಕುತ್ತಿದ್ದಳು. ನಾನು ಸಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಇನ್ನು ಕುಡಿಯುವುದಿಲ್ಲವೆಂದು ಅಪ್ಪ ಆಣೆ ಮಾಡಿದ್ದು ಅದೇ ಬೀರಪ್ಪನ ಮುಂದೆ.

ಅಪ್ಪ ನುಂಗಿದ. ಒದ್ದೆ ಕೈಯನ್ನು ತಲೆಗೆ ಸವರಿಕೊಂಡ.

“ಹುಳಿ ಐತೇನ್ರಿ?” ಎಂದಳು ಅವ್ವ.

ಅವನು ಬಾಟಲಿ ತಿರುಗಿಸಿ ನನ್ನ ಅಕ್ಷರ ಓದಿದ. ಅವಳು ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದ:

“ನನ್ನ ಆಣಿ ಮುರಿಯಾಕ ನಿನಗ ಈ ನಾಕ ಮಾರ್ಕಿನ ಮಾಲ ಸಿಕ್ಕಿತೇನಲೇ?”